ಬಂಡೆಯ ವಯಸ್ಸು ಮತ್ತು ಆದಿಕಾಂಡದ ‘ಜಾತಿ’: ಸೃಷ್ಟಿವಾದದ ಒಂದು ವಿಮರ್ಶೆ

ಹಗರಿಬೊಮ್ಮನಹಳ್ಳಿಯಲ್ಲಿ ಧರ್ಮೋಪದೇಶಕರಿಗಾಗಿ ನಡೆದ ತರಬೇತಿಯೊಂದರಲ್ಲಿ ಆದಿಕಾಂಡದ ಮೊದಲ ಅಧ್ಯಾಯವನ್ನು ಕುರಿತು ನಾನು ಮಾತು ಮುಗಿಸಿದಾಗ ಕೂಡ್ಲಿಗಿ ಕಡೆಯ ಶಿಕ್ಷಕಿಯೊಬ್ಬರು ಎದ್ದುನಿಂತರು. “ಫಾದರ್, ಶಾಲೆಯಲ್ಲಿ ವಿಜ್ಞಾನ ಹೇಳಿಕೊಡ್ತೀನಿ, ಭಾನುವಾರ ಧರ್ಮೋಪದೇಶ ಹೇಳಿಕೊಡ್ತೀನಿ. ಅಲ್ಲಿ ಬಂಡೆಗೆ ಕೋಟಿಗಟ್ಟಲೆ ವರ್ಷ ಅಂತೀನಿ, ಇಲ್ಲಿ ಆರು ದಿನ ಅಂತೀನಿ. ಎರಡೂ ಕಡೆ ಅವೇ ಮಕ್ಕಳು. ಯಾವುದು ಸುಳ್ಳು ಅಂತ ಹೇಳಲಿ?” ಅವರ ಕೈಯಲ್ಲಿ ಒಂದು ಕಿರುಹೊತ್ತಗೆ ಇತ್ತು. ಭೂಮಿಗೆ ಕೆಲವೇ ಸಾವಿರ ವರ್ಷಗಳ ವಯಸ್ಸೆಂದೂ, ಬೆಟ್ಟಗಳ ಪದರಗಳೆಲ್ಲ ನೋಹನ ಜಲಪ್ರಳಯದ ಕೆಸರೆಂದೂ, ವಿಕಾಸವಾದವನ್ನು ಒಪ್ಪಿದವನು ಕ್ರಿಸ್ತನನ್ನು ಬಿಟ್ಟಂತೆಯೇ ಎಂದೂ ಅದು ಸಾರುತ್ತಿತ್ತು. ಆ ದಿನ ನಾನು ಕೊಟ್ಟ ಉತ್ತರ ಅರೆಬರೆಯಾಗಿತ್ತು. ಈ ಬರಹ ಆ ಕೊರತೆಯನ್ನು ತುಂಬುವ ಯತ್ನ.

ಗ್ರಂಥ ಮತ್ತು ಅದರ ವಾದ

ಇಂಥ ಕಿರುಹೊತ್ತಗೆಗಳ ಮೂಲಸೆಲೆ ಬಹುಮಟ್ಟಿಗೆ ಒಂದೇ ಗ್ರಂಥ. ದೈವಶಾಸ್ತ್ರಜ್ಞ ಜಾನ್ ವಿಟ್‌ಕಂಬ್ ಮತ್ತು ಜಲಶಾಸ್ತ್ರದ ಎಂಜಿನಿಯರ್ ಹೆನ್ರಿ ಮಾರಿಸ್ 1961ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ ‘ದಿ ಜೆನೆಸಿಸ್ ಫ್ಲಡ್’ ಅದು. ಅದರ ಹಿಂದೆ ಜಾರ್ಜ್ ಮೆಕ್‌ಕ್ರೆಡಿ ಪ್ರೈಸ್ 1923ರಲ್ಲಿ ಬರೆದ ಪ್ರಳಯ-ಭೂವಿಜ್ಞಾನದ ಪುಸ್ತಕವಿದೆ. ಲೇಖಕರ ಉದ್ದೇಶವನ್ನು ನಾವು ಹಗುರವಾಗಿ ಕಾಣಬಾರದು. ವಿಜ್ಞಾನದ ಹೆಸರಿನಲ್ಲಿ ‘ಜಗತ್ತಿಗೆ ಕರ್ತನಿಲ್ಲ, ಮನುಷ್ಯನಿಗೆ ಅರ್ಥವಿಲ್ಲ’ ಎನ್ನುವ ತತ್ತ್ವವನ್ನು ಹರಡಿದವರು ನಿಜವಾಗಿಯೂ ಇದ್ದರು, ಈಗಲೂ ಇದ್ದಾರೆ. ಧರ್ಮಗ್ರಂಥದ ಮೇಲಿನ ಗೌರವದಿಂದಲೇ ಈ ಇಬ್ಬರೂ ಅದಕ್ಕೆ ಉತ್ತರಿಸಹೊರಟರು. ಆದರೆ ಅವರು ಆ ತತ್ತ್ವವನ್ನು ತತ್ತ್ವದ ನೆಲೆಯಲ್ಲಿ ಎದುರಿಸಲಿಲ್ಲ. ಬದಲಾಗಿ ಧರ್ಮಗ್ರಂಥದ ಸತ್ಯವನ್ನು ಕಲ್ಲಿನ ವಯಸ್ಸಿನ ಮೇಲೆ ಪಣವಾಗಿ ಒಡ್ಡಿದರು. ಆ ಪಣ ಸೋತರೆ ಶ್ರದ್ಧೆಯೂ ಸೋಲಬೇಕಾಗುತ್ತದೆ.

ಬಂಡೆಗಳ ಸಾಕ್ಷ್ಯ

ಈ ಪಣದ ಗತಿಯನ್ನು ಅರಿಯಲು ದೂರ ಹೋಗಬೇಕಿಲ್ಲ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಆ ಜಿಲ್ಲೆಯ ಶಿಲೆಗಳನ್ನು ಸಮೀಕ್ಷಿಸಿ 1895ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. 1863ರಲ್ಲಿ ಪಲ್ಲಾವರದಲ್ಲಿ ಶಿಲಾಯುಗದ ಕೈಗೊಡಲಿಯನ್ನು ಗುರುತಿಸಿದವರೂ ಅವರೇ. ಅವರ ಮಾವ ಪೀಟರ್ ಪರ್ಸಿವಲ್, ಬೈಬಲ್ಲಿನ ತಮಿಳು ಅನುವಾದಕ್ಕೆ ದುಡಿದ ಮಿಷನರಿ. ಸುವಾರ್ತೆ ಸಾರುವ ಮನೆತನಕ್ಕೂ ಸುತ್ತಿಗೆ ಹಿಡಿದ ಭೂವಿಜ್ಞಾನಿಗೂ ನಂಟು ಕೂಡದೆಂದು ಆ ಕಾಲದವರು ಭಾವಿಸಿರಲಿಲ್ಲ.

ಕೂಡ್ಲಿಗಿಯ ನೆರೆಯ ಸಂಡೂರಿನ ಶಿಲಾಪಟ್ಟಿಯಲ್ಲಿ ಸ್ಟ್ರೊಮಾಟೊಲೈಟ್ ಎಂಬ ರಚನೆಗಳಿವೆ. ಆಳವಿಲ್ಲದ ನೀರಿನಲ್ಲಿ ಬೆಳಕನ್ನು ಉಂಡು ಬದುಕಿದ ಸೂಕ್ಷ್ಮಜೀವಿಗಳು ಪದರದ ಮೇಲೆ ಪದರವಾಗಿ ಕಟ್ಟಿಬಿಟ್ಟುಹೋದ ಗುರುತುಗಳಿವು. 1984ರಲ್ಲಿ ಇವುಗಳ ಬಗ್ಗೆ ವರದಿ ಮಾಡಿದ ಭೂವಿಜ್ಞಾನಿಗಳು ಇವುಗಳ ವಯಸ್ಸನ್ನು 260 ಕೋಟಿ ವರ್ಷವೆಂದು ಹೇಳಿದರು. ಇನ್ನು, ರಾಮನಗರದಿಂದ ಉತ್ತರಕ್ಕೆ ಹಂಪಿಯ ಕಡೆಗೆ ಚಾಚಿರುವ ಕ್ಲೋಸ್‌ಪೇಟ್ ಗ್ರಾನೈಟ್ ಭೂಗರ್ಭದ ಆಳದಲ್ಲಿ ಕರಗಿ, ಮೆಲ್ಲನೆ ತಣಿದು ಹರಳುಗಟ್ಟಿದ ಶಿಲೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಅದು ಇಂದು ನಮ್ಮ ಕಣ್ಣಿಗೆ ಕಾಣಬೇಕಾದರೆ ಅದರ ಮೇಲಿದ್ದ ಕಿಲೋಮೀಟರುಗಟ್ಟಲೆ ದಪ್ಪದ ಶಿಲೆ ಸವೆದುಹೋಗಿರಬೇಕು. ರಭಸದ ಪ್ರಳಯಜಲದ ಅಡಿಯಲ್ಲಿ ಸೂಕ್ಷ್ಮಜೀವಿಗಳು ನಿಂತಲ್ಲೇ ಪದರ ಕಟ್ಟಲಾರವು. ನೀರು ಕೆಸರನ್ನು ತಂದು ಒಡ್ಡಬಲ್ಲದು, ಗ್ರಾನೈಟನ್ನು ಮಾಡಲಾರದು. ಇಷ್ಟೂ ಕ್ರಿಯೆಯನ್ನು ಒಂದು ವರ್ಷದ ಪ್ರಳಯದಲ್ಲಿ ಅಡಕಗೊಳಿಸುವುದು ಅಸಾಧ್ಯ.

ವಯಸ್ಸನ್ನು ಅಳೆಯುವ ಬಗೆಯೂ ಊಹೆಯ ಮಾತಲ್ಲ. ಗ್ರಾನೈಟಿನೊಳಗಿನ ಜಿರ್ಕಾನ್ ಹರಳು ರೂಪುಗೊಳ್ಳುವಾಗ ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಬಹುಮಟ್ಟಿಗೆ ಹೊರಗಿಡುತ್ತದೆ. ಆಮೇಲೆ ಯುರೇನಿಯಂ ಕ್ಷಯಿಸಿ ಸೀಸವಾಗುತ್ತ ಹೋಗುತ್ತದೆ. ಯುರೇನಿಯಂ-238 ಅರ್ಧಕ್ಕಿಳಿಯಲು ಸುಮಾರು 447 ಕೋಟಿ ವರ್ಷ ಬೇಕು, ಯುರೇನಿಯಂ-235ಕ್ಕೆ ಸುಮಾರು 70 ಕೋಟಿ ವರ್ಷ. ಹೀಗೆ ಒಂದೇ ಹರಳಿನಲ್ಲಿ ಬೇರೆ ಬೇರೆ ವೇಗದ ಎರಡು ಗಡಿಯಾರಗಳಿವೆ, ಅವೆರಡೂ ಒಂದೇ ಹೊತ್ತನ್ನು ತೋರಿಸುತ್ತವೆ. ‘ಹಿಂದೆ ಕ್ಷಯದ ವೇಗ ಹೆಚ್ಚಿತ್ತು’ ಎಂಬ ಸೃಷ್ಟಿವಾದಿಗಳ ಸಮಾಧಾನವನ್ನು ಒಪ್ಪಿದರೆ, ಅಷ್ಟು ಕ್ಷಯವು ಕೆಲವೇ ಸಾವಿರ ವರ್ಷಗಳಲ್ಲಿ ಹೊರಸೂಸುವ ಶಾಖದಲ್ಲಿ ಭೂಮಿಯ ಮೇಲ್ಪದರವೇ ಕರಗಬೇಕಾಗುತ್ತದೆ.

ಜೀವಿಗಳ ಸಾಕ್ಷ್ಯ

ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಕರಡಿಧಾಮದ ಕರಡಿಯನ್ನು ನೋಡೋಣ. 1791ರಲ್ಲಿ ಜಾರ್ಜ್ ಶಾ ಎಂಬ ಜೀವಿಶಾಸ್ತ್ರಜ್ಞ, ಉದ್ದ ಉಗುರುಗಳನ್ನು ಕಂಡು, ಈ ಪ್ರಾಣಿಯನ್ನು ದಕ್ಷಿಣ ಅಮೆರಿಕದ ಸ್ಲಾತ್‌ಗಳ ಗುಂಪಿಗೆ ಸೇರಿಸಿಬಿಟ್ಟ. ಇಂಗ್ಲಿಷಿನಲ್ಲಿ ಅದಕ್ಕಿರುವ ಹೆಸರಿನಲ್ಲಿ ಆ ತಪ್ಪು ಇನ್ನೂ ಉಳಿದಿದೆ. ಹೊರನೋಟದಿಂದ ‘ಜಾತಿ’ಯನ್ನು ನಿಶ್ಚಯಿಸುವುದು ಎಷ್ಟು ಜಾರುವ ಕೆಲಸವೆಂಬುದಕ್ಕೆ ಇದೇ ಉದಾಹರಣೆ. ಅಂಗರಚನೆಯೂ ವಂಶವಾಹಿಗಳೂ ಅದನ್ನು ಕರಡಿಗಳ ವಂಶದಲ್ಲೇ ಇರಿಸುತ್ತವೆ. ಉಳಿದ ಕರಡಿಗಳಿಗೆ ಮೇಲ್ದವಡೆಯ ಮುಂಭಾಗದಲ್ಲಿ ಆರು ಬಾಚಿಹಲ್ಲುಗಳಿದ್ದರೆ ಇದಕ್ಕೆ ನಾಲ್ಕೇ. ನಡುವಿನ ಎರಡರ ಜಾಗ ತೆರವಾಗಿದ್ದು, ಆ ಸಂದಿಯ ಮೂಲಕ ಅದು ಗೆದ್ದಲನ್ನು ಹೀರುತ್ತದೆ. ಹಳೆಯ ವಂಶದ ಸೊತ್ತು ಹೊಸ ಬದುಕಿಗೆ ತಿದ್ದುಪಡಿಯಾದ ಗುರುತು ಇದು.

ಸೃಷ್ಟಿವಾದಿ ಇಲ್ಲಿ ಹೇಳುವ ಉತ್ತರ: ‘ಏನೇ ಬದಲಾದರೂ ಕರಡಿ ಕರಡಿಯೇ.’ ಆದರೆ ಸಾಕ್ಷ್ಯ ಆ ಗಡಿಯಲ್ಲಿ ನಿಲ್ಲುವುದಿಲ್ಲ. ಬಹುಪಾಲು ಸ್ತನಿಗಳ ದೇಹ ‘ಸಿ’ ಜೀವಸತ್ವವನ್ನು ತಾನೇ ತಯಾರಿಸಿಕೊಳ್ಳುತ್ತದೆ. ಮನುಷ್ಯನಿಗೂ ಹಂಪಿಯ ಬಂಡೆಗಳ ಮೇಲಿನ ಕೋತಿಗೂ ಆ ಶಕ್ತಿಯಿಲ್ಲ. ಅದಕ್ಕೆ ಬೇಕಾದ ವಂಶವಾಹಿ ಇಬ್ಬರಲ್ಲೂ ಇದೆ, ಇಬ್ಬರಲ್ಲೂ ಕೆಟ್ಟುಹೋಗಿದೆ. ವಾನರಗಳಿಗೆ 48 ವರ್ಣತಂತುಗಳು, ನಮಗೆ 46. ನಮ್ಮ ಎರಡನೆಯ ವರ್ಣತಂತುವಿನ ನಡುವೆ ಎರಡು ತುದಿಗಳು ಬೆಸೆದುಕೊಂಡ ಗುರುತು ಇಂದಿಗೂ ಉಳಿದಿದೆ. ಬೇರೆ ಬೇರೆಯಾಗಿ ಸೃಷ್ಟಿಯಾದ ಜೀವಿಗಳಲ್ಲಿ ಒಂದೇ ಮುರುಕು ಏಕೆ ಇರಬೇಕು? ದೇವರು ಹಾಗೆಯೇ ತೋರುವಂತೆ ಮಾಡಿದನೆಂದರೆ, ಆತನನ್ನು ವಂಚಕನೆಂದು ಕರೆದಂತಾಗುತ್ತದೆ. ಸೃಷ್ಟಿಕರ್ತನ ಗೌರವವನ್ನು ಕಾಪಾಡಹೊರಟ ವಾದ ಕೊನೆಗೆ ಬಂದು ನಿಲ್ಲುವುದು ಇಲ್ಲಿಗೆ.

ಧರ್ಮಸಭೆಯ ಓದು

ಸಂತ ಅಗಸ್ಟೀನರು ಐದನೆಯ ಶತಮಾನದ ಆರಂಭದಲ್ಲಿ ಆದಿಕಾಂಡದ ಅಕ್ಷರಾರ್ಥವನ್ನು ಕುರಿತು ಬರೆಯುವಾಗಲೇ ಎಚ್ಚರಿಸಿದ್ದರು: ಪ್ರಕೃತಿಯ ವಿಷಯದಲ್ಲಿ ಅನ್ಯರು ಚೆನ್ನಾಗಿ ಬಲ್ಲ ಸಂಗತಿಯನ್ನು ಕ್ರೈಸ್ತನು ತಪ್ಪಾಗಿ ಹೇಳಿ ಅದಕ್ಕೆ ಧರ್ಮಗ್ರಂಥವನ್ನು ಸಾಕ್ಷಿಯಾಗಿಸಿದರೆ, ಪುನರುತ್ಥಾನದ ಬಗ್ಗೆ ಅವನು ಹೇಳುವುದನ್ನು ಅವರು ನಂಬುವುದಾದರೂ ಹೇಗೆ? 1950ರ ‘ಹ್ಯೂಮಾನಿ ಜೆನೆರಿಸ್’ ಪರಿಪತ್ರದಲ್ಲಿ ಪೋಪ್ ಹನ್ನೆರಡನೆಯ ಪಿಯೂಸರು ಮಾನವದೇಹದ ವಿಕಾಸವನ್ನು ಕುರಿತ ಸಂಶೋಧನೆಗೆ ಅವಕಾಶವಿತ್ತು, ಆತ್ಮವು ನೇರವಾಗಿ ದೇವರಿಂದಲೇ ಸೃಷ್ಟಿಯಾಗುತ್ತದೆಂದು ಬೋಧಿಸಿದರು. 1996ರ ಅಕ್ಟೋಬರ್ 22ರಂದು ಸಂತ ಎರಡನೆಯ ಜಾನ್ ಪೌಲರು ವಿಕಾಸ ಸಿದ್ಧಾಂತವು ಬರಿಯ ಊಹೆಗಿಂತ ಮಿಗಿಲೆಂದು ಒಪ್ಪಿದರು.

ಪಠ್ಯವನ್ನೇ ಗಮನಿಸಿದರೂ ಅದು ದಿನಚರಿಯಲ್ಲವೆಂಬುದು ತಿಳಿಯುತ್ತದೆ. ಮೊದಲ ಮೂರು ದಿನಗಳಲ್ಲಿ ನೆಲೆಗಳು ಸಿದ್ಧವಾಗುತ್ತವೆ, ಮುಂದಿನ ಮೂರು ದಿನಗಳಲ್ಲಿ ಅವು ತುಂಬುತ್ತವೆ. ಸೂರ್ಯನಿಗಿಂತ ಮೊದಲು ಬೆಳಕಿದೆ. ಬಾಬಿಲೋನಿಯರು ಪೂಜಿಸಿದ ಸೂರ್ಯಚಂದ್ರರು ಇಲ್ಲಿ ಕೇವಲ ದೀಪಗಳು. ಭೂಮಿಯೇ ಸಸ್ಯಗಳನ್ನೂ ಪ್ರಾಣಿಗಳನ್ನೂ ಹೊರತರಲೆಂದು ದೇವರು ಅಪ್ಪಣೆಯಿಡುತ್ತಾನೆ. ಸೃಷ್ಟಿಯನ್ನೇ ಸೃಷ್ಟಿಕಾರ್ಯದಲ್ಲಿ ಪಾಲುಗೊಳಿಸುವ ದೇವರಿಗೆ ವಿಕಾಸವು ಪ್ರತಿಸ್ಪರ್ಧಿಯಾಗಲಾರದು.

ಆದರೂ ನಮ್ಮ ಕಡೆಯ ಲೆಕ್ಕ ಚುಕ್ತವಾಗಿದೆಯೆಂದು ಸೆಮಿನರಿಯ ವಿದ್ಯಾರ್ಥಿಗಳು ತಿಳಿಯಬಾರದು. ಆದಿಮಾನವರು ಅನೇಕರಿದ್ದರೆಂಬ ಮತವು ಜನ್ಮಪಾಪದ ಬೋಧನೆಯೊಂದಿಗೆ ಹೇಗೆ ಹೊಂದೀತೆಂಬುದು ಕಾಣದೆಂದು ಅದೇ 1950ರ ಪರಿಪತ್ರ ಹೇಳಿತು. ಇಂದಿನ ವಂಶವಾಹಿ ಅಧ್ಯಯನಗಳಾದರೋ ನಮ್ಮ ಪೂರ್ವಜರನ್ನು ಒಂದೇ ಜೋಡಿಯಾಗಿ ಅಲ್ಲ, ಸಾವಿರಾರು ಮಂದಿಯ ಸಮುದಾಯವಾಗಿ ತೋರುತ್ತವೆ. ಪಾಪದ ಸಾರ್ವತ್ರಿಕತೆಯನ್ನೂ ಕ್ರಿಸ್ತನಲ್ಲಿ ಮಾತ್ರ ಬಿಡುಗಡೆಯೆಂಬುದನ್ನೂ ಬಿಟ್ಟುಕೊಡದೆ ಇದನ್ನು ವಿವರಿಸುವ ಹೊಣೆ ದೈವಶಾಸ್ತ್ರದ್ದು. ಕಷ್ಟವನ್ನು ಕಷ್ಟವೆಂದು ಹೇಳುವುದು ಅಶ್ರದ್ಧೆಯಲ್ಲ. ಸುಳ್ಳು ಭೂವಿಜ್ಞಾನದ ಹಿಂದೆ ಅದನ್ನು ಮರೆಮಾಡುವುದು ತಪ್ಪು.

‘ಜಾತಿ’ ಎಂಬ ಪದ

ನಮ್ಮ ನಾಡಿನಲ್ಲಿ ಸೃಷ್ಟಿವಾದಕ್ಕೆ ಅಮೆರಿಕದಲ್ಲಿಲ್ಲದ ಇನ್ನೊಂದು ಅಪಾಯವಿದೆ. ಆದಿಕಾಂಡದಲ್ಲಿ ಸಸ್ಯಪ್ರಾಣಿಗಳಿಗೆ ಬಳಕೆಯಾಗಿರುವ ‘ಮೀನ್’ ಎಂಬ ಹೀಬ್ರೂ ಪದ ಕನ್ನಡದಲ್ಲಿ ‘ಜಾತಿ’ಯಾಗಿ ಬಂದಿದೆ. ಸೃಷ್ಟಿವಾದಿಗಳು ಈ ಪದದ ಮೇಲೆಯೇ ‘ದೇವರು ಹಾಕಿದ ಗಡಿ, ದಾಟಲಾಗದ ಬಗೆ’ ಎಂಬ ಸಿದ್ಧಾಂತವನ್ನು ಕಟ್ಟಿದ್ದಾರೆ. ಕೊಟ್ಟೂರಿನಲ್ಲೋ ಹರಪನಹಳ್ಳಿಯಲ್ಲೋ ಪ್ರಸಂಗಪೀಠದಿಂದ ‘ದೇವರು ಒಂದೊಂದು ಜಾತಿಯನ್ನೂ ಬೇರೆ ಬೇರೆಯಾಗಿ, ಬದಲಾಗದಂತೆ ಉಂಟುಮಾಡಿದ’ ಎಂದು ಸಾರಿದರೆ ಕೇಳುವವರ ಕಿವಿಗೆ ಬೀಳುವುದೇನು? ಹೇಳಿದವನು ಮರಗಿಡಗಳ ಮಾತಾಡಿರಬಹುದು. ಕೇಳಿದವನು ತನ್ನ ಕೇರಿಯ ಮಾತು ಕೇಳುತ್ತಾನೆ.

ಮೂಲಪಠ್ಯ ಇಲ್ಲಿ ಅತ್ಯಂತ ಎಚ್ಚರದಿಂದಿದೆ. ಸಸ್ಯಗಳಿಗೆ, ಜಲಚರಗಳಿಗೆ, ಪಕ್ಷಿಗಳಿಗೆ, ಮೃಗಗಳಿಗೆ ಆ ಪದ ಬರುತ್ತದೆ. ಮನುಷ್ಯನ ಸೃಷ್ಟಿಯ ವಚನಗಳಲ್ಲಿ ಅದು ಬರುವುದೇ ಇಲ್ಲ, ಅಲ್ಲಿ ಬರುವುದು ದೇವರ ಸ್ವರೂಪ. ವಿಜ್ಞಾನವೂ ಇದಕ್ಕೆ ವಿರೋಧವಾಗಿಲ್ಲ. ಹೈದರಾಬಾದಿನ ಸಿಸಿಎಂಬಿಯ ವಿಜ್ಞಾನಿಗಳೂ ಪಾಲ್ಗೊಂಡು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ಸುಮಾರು 4,200ರಿಂದ 1,900 ವರ್ಷಗಳ ಹಿಂದಿನ ಅವಧಿಯಲ್ಲಿ ಭಾರತದ ಬಹುತೇಕ ಎಲ್ಲ ಸಮುದಾಯಗಳ ಪೂರ್ವಜರೂ ಪರಸ್ಪರ ಬೆರೆತಿದ್ದರೆಂದೂ, ಒಳಮದುವೆಯ ಕಟ್ಟುಪಾಡು ಬಿಗಿಯಾದದ್ದು ಆ ಮೇಲೆಂದೂ ತೋರಿಸಿದೆ. ಅಂದರೆ ಜಾತಿ ಸೃಷ್ಟಿಯ ಆರಂಭದ್ದಲ್ಲ, ಮನುಷ್ಯರೇ ಮಾಡಿಕೊಂಡದ್ದು. ವಿಕಾಸದ ಹೆಸರಿನಲ್ಲಿಯೂ ಜನಾಂಗಗಳ ಮೇಲುಕೀಳನ್ನು ಸಮರ್ಥಿಸಿದವರು ಇದ್ದರೆಂಬುದು ನಿಜ, ಆದರೆ ಸಾಕ್ಷ್ಯ ಅವರ ಪರವಾಗಿಲ್ಲ. ನಮ್ಮ ಧರ್ಮಸಭೆಯೊಳಗೇ ದಲಿತರು ತಾರತಮ್ಯ ಅನುಭವಿಸುತ್ತಿದ್ದಾರೆಂದು ಭಾರತದ ಧರ್ಮಾಧ್ಯಕ್ಷರ ಮಂಡಳಿಯೇ 2016ರ ತನ್ನ ನೀತಿಪತ್ರದಲ್ಲಿ ಒಪ್ಪಿಕೊಂಡಿರುವಾಗ, ಪೀಠದಿಂದ ಆಡುವ ‘ಜಾತಿ’ ಎಂಬ ಮಾತನ್ನು ಅಳೆದು ಆಡುವುದು ನಮ್ಮ ಕರ್ತವ್ಯ.

2023ರಲ್ಲಿ ಎನ್‌ಸಿಇಆರ್‌ಟಿಯ 10ನೇ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸದ ಭಾಗ ಹೊರಬಿದ್ದಾಗ 1,800ಕ್ಕೂ ಹೆಚ್ಚು ವಿಜ್ಞಾನಿಗಳೂ ಶಿಕ್ಷಕರೂ ಪ್ರತಿಭಟಿಸಿ ಸಹಿ ಹಾಕಿದರು. ಶಾಲೆ ಹೇಳದೆ ಬಿಟ್ಟದ್ದನ್ನು ಧರ್ಮೋಪದೇಶದ ತರಗತಿ ತಪ್ಪಾಗಿ ಹೇಳಿದರೆ ಮಗು ಎಲ್ಲಿಗೆ ಹೋಗಬೇಕು?

ಆ ಶಿಕ್ಷಕಿಗೆ ಈಗ ಹೇಳಬೇಕಾದ ಉತ್ತರ ಇದು: ‘ಅಮ್ಮಾ, ಎರಡರಲ್ಲಿ ಯಾವುದೂ ಸುಳ್ಳಲ್ಲ. ಬಂಡೆಗೆ ಎಷ್ಟು ವಯಸ್ಸೆಂದು ಹರಳು ಹೇಳುತ್ತದೆ. ಬಂಡೆಯೂ ಕರಡಿಯೂ ನೀವೂ ಯಾರ ಚಿತ್ತದಿಂದ ಇರುವಿರೆಂದು ಆದಿಕಾಂಡ ಹೇಳುತ್ತದೆ. ಶಾಲೆಯಲ್ಲಿ ಹೇಳಿಕೊಡುವುದನ್ನು ಭಾನುವಾರ ಅಲ್ಲಗಳೆಯಬೇಡಿ. ಭಾನುವಾರ ಇನ್ನೊಂದು ಮಾತನ್ನು ತಪ್ಪದೆ ಸೇರಿಸಿ: ಆ ಅಧ್ಯಾಯದಲ್ಲಿ ಮನುಷ್ಯನಿಗೆ ಜಾತಿ ಇಲ್ಲ.’