‘ತಪ್ಪಾತು’ ಅಂದರೆ ಮುಗಿಯಿತೆ?

ನಮ್ಮ ಕಡೆ ಹಿರಿಯರು ಕೂಡಿ ಗಂಡ-ಹೆಂಡಿರ ನ್ಯಾಯ ಬಗೆಹರಿಸುವಾಗ ಕೊನೆಗೆ ಒಂದು ಮಾತು ಬಂದೇ ಬರುತ್ತದೆ: “ತಪ್ಪಾತು ಅಂದಾನಲ್ಲವ್ವಾ, ಇನ್ನೇನ ಬೇಕ ನಿನಗ?” ಆಕೆ ಹೂಂ ಅನ್ನದಿದ್ದರೆ ಹಟಮಾರಿ ಎನಿಸುತ್ತಾಳೆ. ಕತೆ-ಕಾದಂಬರಿಗಳಲ್ಲಿಯೂ ಬಹಳ ಮಟ್ಟಿಗೆ ಹೀಗೆಯೇ. ಕೊನೆಯ ಪುಟದಲ್ಲಿ ಗಂಡ ಎರಡು ಹನಿ ಕಣ್ಣೀರು ಹಾಕಿದರೆ ಸಾಕು, ಹೆಂಡತಿ ಅವನ ಕಣ್ಣೊರೆಸಿ ಚಹಾಕ್ಕಿಡಲು ಒಳಗೆ ಹೋಗುತ್ತಾಳೆ. ಅದಕ್ಕೇ ತ್ರಿವೇಣಿಯವರ ‘ಬೆಳ್ಳಿ ಮೋಡ’ದ ಇಂದಿರಾ ನನಗೆ ಇಷ್ಟ. ಅವಳು ಒಲ್ಲೆ ಅನ್ನುತ್ತಾಳೆ.

ಕತೆ ನಿಮಗೆ ನೆನಪಿರಬಹುದು. ಇಂದಿರಾ ಶ್ರೀಮಂತ ತಂದೆಯ ಒಬ್ಬಳೇ ಮಗಳು. ಮೋಹನನೊಡನೆ ಮದುವೆ ಗೊತ್ತಾಗಿದೆ. ಅವನ ವಿದೇಶದ ಓದಿಗೆ ಹಣ ಅವಳ ತಂದೆಯದೇ. ಅಷ್ಟರಲ್ಲಿ ತಾಯಿಗೆ ಗಂಡು ಮಗು ಹುಟ್ಟುತ್ತದೆ, ಆಸ್ತಿಯ ಒಡತಿ ಬರೀ ಮಗಳಾಗಿ ಉಳಿಯುತ್ತಾಳೆ, ಮೋಹನ ಹಿಂದೆ ಸರಿಯುತ್ತಾನೆ. (ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂಬ ತಿದ್ದುಪಡಿ ನಮ್ಮ ರಾಜ್ಯದಲ್ಲಿ ಬಂದದ್ದು 1994ರಲ್ಲಿ!) ಮುಂದೆ ಅವನು ಕಾಲು ಮುರಿದುಕೊಂಡು ಅದೇ ಮನೆಯಲ್ಲಿ ಮಲಗಿದಾಗ ಅವನ ಆರೈಕೆ ಮಾಡುವವಳು ಇಂದಿರಾ. ಅವನ ಮನಸ್ಸು ತಿರುಗುತ್ತದೆ. ತಪ್ಪೊಪ್ಪಿಕೊಂಡು ಮದುವೆಯಾಗು ಎಂದು ಕೇಳುತ್ತಾನೆ.

ಲೇಖಕಿ ಇಲ್ಲಿ ಮೋಹನನನ್ನು ಕಪಟಿಯನ್ನಾಗಿ ಮಾಡಿಲ್ಲ. ಅವನ ಪಶ್ಚಾತ್ತಾಪ ನಿಜವಾದದ್ದೇ. ಸುಳ್ಳು ಕ್ಷಮಾಪಣೆಯನ್ನು ಯಾರಾದರೂ ತಳ್ಳಿಯಾರು, ನಿಜವಾದದ್ದನ್ನು ಒಲ್ಲೆ ಅನ್ನುವುದಕ್ಕೆ ಎದೆ ಬೇಕು. ಇಂದಿರಾಳಿಗೆ ದ್ವೇಷವಿದ್ದಿದ್ದರೆ ಔಷಧ ಕೊಡುತ್ತಿರಲಿಲ್ಲ, ಅನ್ನ ಬಡಿಸುತ್ತಿರಲಿಲ್ಲ. ಕ್ಷಮೆ ಎಂಬುದನ್ನು ಅವಳು ಆರೈಕೆಯಲ್ಲಿಯೇ ಕೊಟ್ಟಾಗಿದೆ ಎಂದು ನನ್ನ ಓದು. ಅವನು ಕೇಳುತ್ತಿರುವುದು ಕ್ಷಮೆಯ ಜೊತೆಗೆ ಅವಳನ್ನು! ತೊಟ್ಟಿಲಲ್ಲಿನ ಕೂಸನ್ನು ಕಂಡು ಬದಲಾದವನು ನಾಳೆ ಇನ್ನೇನನ್ನು ಕಂಡು ಬದಲಾದಾನು?

ನಮ್ಮ ತೇರದಾಳದಲ್ಲಿ 12ನೆಯ ಶತಮಾನದಲ್ಲಿ ಮಾಂಡಲಿಕ ಗೊಂಕ ಕಟ್ಟಿಸಿದ ನೇಮಿನಾಥ ಬಸದಿ ಇದೆ. ಭಾದ್ರಪದದಲ್ಲಿ ಜೈನರು ಆಚರಿಸುವ ದಶಲಕ್ಷಣ ಪರ್ವದ ಹತ್ತು ಧರ್ಮಗಳಲ್ಲಿ ಮೊದಲನೆಯದೇ ಉತ್ತಮ ಕ್ಷಮೆ. ಪರ್ವ ಮುಗಿದ ಮೇಲೆ ಹಿರಿಯರು ಕಿರಿಯರೆನ್ನದೆ ಒಬ್ಬರನ್ನೊಬ್ಬರು ಕ್ಷಮೆ ಕೇಳುತ್ತಾರೆ. ಆ ಕೇಳುವಿಕೆಯ ಹಿಂದೆ ಬೇರೆ ಬೇಡಿಕೆ ಇರುವುದಿಲ್ಲ. ಮೋಹನನ ಮಾತಿಗೂ ಇದಕ್ಕೂ ಇರುವ ಅಂತರ ಅದೇ.

ಇನ್ನೊಂದು ವಿಚಿತ್ರ ನೋಡಿ. ಇದೇ ಕ್ಷಮಾಧರ್ಮದಲ್ಲಿ ಬೆಳೆದ ಜೈನ ಕವಿ, ನಮ್ಮ ಪಕ್ಕದ ಮುಧೋಳದ ರನ್ನ, ಬಳೆಗಾರರ ಮನೆಯ ಮಗ, ‘ಗದಾಯುದ್ಧ’ದಲ್ಲಿ ಮುಡಿ ಕಟ್ಟದ ದ್ರೌಪದಿಯನ್ನು ತಂದು ನಿಲ್ಲಿಸಿದ. ಅವಳ ಅಂಜಿಕೆ ಕೌರವನ ಗದೆಯದಲ್ಲ, ಧರ್ಮರಾಯ ಎಲ್ಲಿ ಸಂಧಿಗೆ ಒಪ್ಪಿಬಿಡುತ್ತಾನೋ ಎಂಬುದು. ಅವಳಿಗೆ ಆದ ಅಪಮಾನವನ್ನು ಗಂಡಸರು ತಮ್ಮತಮ್ಮಲ್ಲೇ ಮಾಫಿ ಮಾಡಿಕೊಂಡರೆ? ಅಲ್ಲಿ ದುರ್ಯೋಧನ ಕ್ಷಮೆ ಕೇಳುವವನಲ್ಲ, ಆ ಮಾತು ಬೇರೆ. ಆದರೆ ಅವಳ ಪರವಾಗಿ ಇನ್ನೊಬ್ಬರು ಹೂಂ ಅನ್ನುವ ಈ ಭಯ ನ್ಯಾಯಕ್ಕೆ ಕೂತ ನಮ್ಮ ಹೆಣ್ಣುಮಕ್ಕಳಿಗೆ ಹೊಸದಲ್ಲ.

ತ್ರಿವೇಣಿ 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರು. ಪುಟ್ಟಣ್ಣ ಕಣಗಾಲರು 1967ರಲ್ಲಿ ಮಾಡಿದ ಸಿನಿಮಾ ನೋಡಲು ಅವರಿರಲಿಲ್ಲ. ಕಲ್ಪನಾ ಇಂದಿರಾ ಆದರು.

ಒಂದು ತಕರಾರು ಮಾತ್ರ ನನ್ನಲ್ಲಿ ಉಳಿದಿದೆ. ಇಂದಿರಾ ಒಲ್ಲೆ ಅಂದಾಗ ಅವಳ ಬೆನ್ನಿಗೆ ತಂದೆಯ ಮನೆ ಇತ್ತು. ಆಸ್ತಿ ತಮ್ಮನದಾದರೂ ಅಂದಿನ ಊಟಕ್ಕೆ ಕೊರತೆಯಿರಲಿಲ್ಲ. ರಬಕವಿ-ಬನಹಟ್ಟಿಯ ಮಗ್ಗದ ಮನೆಯಲ್ಲಿ ಕಂಡಿಕೆ ಸುತ್ತುವ ಹುಡುಗಿ, ಕೂಸನ್ನು ಕಟ್ಟಿಕೊಂಡು ತವರಿಗೆ ಬಂದವಳು, ಹಾಗೆ ಅನ್ನಬೇಕಾದರೆ ಮೊದಲು ಅಣ್ಣನ ಹೆಂಡತಿಯ ಮುಖ ನೋಡಬೇಕಾಗುತ್ತದೆ. ಅವಳ ಕಾದಂಬರಿಯನ್ನು ನಾನಿನ್ನೂ ಓದಿಲ್ಲ.