ಪಾದ ನೋಡಿ, ಪೋಷಾಕಲ್ಲ

ಫಿಗರ್ ಸ್ಕೇಟಿಂಗ್ ನೋಡುವವರಲ್ಲೇ ಬಹಳ ಮಂದಿ ಐಸ್ ಡ್ಯಾನ್ಸಿಂಗ್ ಶುರುವಾದರೆ ಚಾನೆಲ್ ಬದಲಿಸುತ್ತಾರೆ. ಗಾಳಿಯಲ್ಲಿ ಗಿರಗಿರ ತಿರುಗುವ ದೊಡ್ಡ ಜಿಗಿತಗಳು ಇಲ್ಲಿಲ್ಲ. ಜೊತೆಗಾತಿಯನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿಯುವಂತಿಲ್ಲ, ಎಸೆಯುವಂತೆಯೂ ಇಲ್ಲ. ಹಾಗಾದರೆ ನೋಡಲು ಏನಿದೆ? ಪಾದವಿದೆ. ಸ್ಕೇಟಿನ ಬ್ಲೇಡಿಗೆ ಒಳಗೊಂದು, ಹೊರಗೊಂದು ಅಂಚು. ನಡುವೆ ಸಣ್ಣ ತಗ್ಗು. ಚೆನ್ನಾಗಿ ಕುಣಿಯುವವರು ಎರಡೂ ಅಂಚಿನ ಮೇಲೆ ಚಪ್ಪಟೆಯಾಗಿ ನಿಲ್ಲುವುದಿಲ್ಲ. ಒಂದೇ ಅಂಚಿಗೆ ಪೂರ್ತಿ ಭಾರ ಕೊಟ್ಟು, ಮಂಡಿ ಬಗ್ಗಿಸಿ, ವಾಲುತ್ತಾರೆ. ಅದನ್ನು ಇಬ್ಬರು ಒಬ್ಬರಿಗೊಬ್ಬರು ಅಂಟಿಕೊಂಡಂತೆ, ಒಂದೇ ಲಯದಲ್ಲಿ, ವೇಗ ಕುಗ್ಗದಂತೆ ಮಾಡಬೇಕು. ಅರೆಮಂಡಿಯಲ್ಲಿ ನಿಂತೇ ಜತಿ ಮುಗಿಸುವ ಭರತನಾಟ್ಯದ ಕಷ್ಟ ಬಲ್ಲವರಿಗೆ ಈ ಮಂಡಿಯ ಬೆಲೆ ಬೇಗ ತಿಳಿಯುತ್ತದೆ.

ಈ ಕಲೆಯನ್ನು ಅರಿಯಲು ಒಂದೇ ಸ್ಪರ್ಧೆ ಆರಿಸಬೇಕೆಂದರೆ ನಾನು 2010ರ ವ್ಯಾಂಕೂವರ್ ಒಲಿಂಪಿಕ್ಸ್ ಎನ್ನುತ್ತೇನೆ. ಆಗ ಸ್ಪರ್ಧೆಗೆ ಮೂರು ಸುತ್ತು. ಮೊದಲನೆಯದು ಕಡ್ಡಾಯ ನೃತ್ಯ: ಎಲ್ಲ ಜೋಡಿಗಳಿಗೂ ಅದೇ ಹೆಜ್ಜೆ, ಅದೇ ಗತಿ. ಆ ವರ್ಷ ಬಂದದ್ದು ಟ್ಯಾಂಗೊ ರೊಮ್ಯಾಂಟಿಕಾ. ಅದನ್ನು ಹೆಣೆದವರಲ್ಲಿ ಸೋವಿಯತ್ ಜೋಡಿ ಪಖೋಮೊವಾ–ಗೊರ್ಶ್ಕೊವ್ ಇದ್ದರು. 1976ರಲ್ಲಿ ಇನ್ಸ್‌ಬ್ರುಕ್‌ನಲ್ಲಿ ಐಸ್ ಡ್ಯಾನ್ಸಿಂಗ್ ಒಲಿಂಪಿಕ್ಸ್‌ಗೆ ಸೇರಿದಾಗ ಮೊದಲ ಚಿನ್ನ ಗೆದ್ದವರೂ ಅವರೇ. ಎಲ್ಲರೂ ಒಂದೇ ಹೆಜ್ಜೆ ಹಾಕುವಾಗ ಪೋಷಾಕು, ಕಥೆ, ಮುಖಭಾವ ಯಾವುದೂ ರಕ್ಷಣೆಗೆ ಬರುವುದಿಲ್ಲ. ಆ ಋತು ಮುಗಿದ ಮೇಲೆ ಅಂತರರಾಷ್ಟ್ರೀಯ ಸ್ಕೇಟಿಂಗ್ ಸಂಘ ಈ ಸುತ್ತನ್ನೇ ಕೈಬಿಟ್ಟಿತು. ನೋಡುಗರಿಗೆ ಬೇಸರವೆಂದು ದೂರಿದವರಿದ್ದರು. ನನಗೆ ಅದೊಂದು ದೊಡ್ಡ ನಷ್ಟ.

ಎರಡನೆಯ ಸುತ್ತು, ಒರಿಜಿನಲ್ ಡ್ಯಾನ್ಸ್. ಆ ವರ್ಷದ ವಿಷಯ ಜಾನಪದ ನೃತ್ಯ. ಮೊದಲ ಸುತ್ತಿನಲ್ಲಿ ಮುಂದಿದ್ದ ರಷ್ಯದ ಡೊಮ್ನಿನಾ–ಶಬಾಲಿನ್ ಆಸ್ಟ್ರೇಲಿಯಾದ ಮೂಲನಿವಾಸಿಗಳ ಕುಣಿತವೆಂದು ಒಂದನ್ನು ತಂದರು. ಮೈಬಣ್ಣದ ಬಟ್ಟೆ, ಅದರ ಮೇಲೆ ಬಿಳಿ ಗೆರೆಗಳು, ಎಲೆಗಳು. ಆಸ್ಟ್ರೇಲಿಯಾದ ಮೂಲನಿವಾಸಿ ಮುಖಂಡರು ಮೊದಲೇ ಇದನ್ನು ಖಂಡಿಸಿದ್ದರು. ವ್ಯಾಂಕೂವರ್‌ಗೆ ಬರುವಾಗ ಪೋಷಾಕು ತುಸು ಸಪ್ಪಗಾಗಿತ್ತು, ನೃತ್ಯ ಅದೇ ಆಗಿತ್ತು. ಅಮೆರಿಕದ ಮೆರಿಲ್ ಡೇವಿಸ್–ಚಾರ್ಲಿ ವೈಟ್ ಆರಿಸಿದ್ದು ನಮ್ಮ ಹಿಂದಿ ಸಿನಿಮಾ: 'ಬಂಟಿ ಔರ್ ಬಬ್ಲಿ'ಯ 'ಕಜ್ರಾ ರೇ', 'ದೇವದಾಸ್'ನ 'ಸಿಲ್ಸಿಲಾ ಯೇ ಚಾಹತ್ ಕಾ' ಮತ್ತು 'ಡೋಲಾ ರೇ ಡೋಲಾ'. ಸಿನಿಮಾ ಹಾಡು ಜಾನಪದವೇ ಎಂದು ಯಾರಾದರೂ ಕೇಳಿದರೆ ಪ್ರಶ್ನೆ ನ್ಯಾಯವೇ. ಆದರೆ ಅವರು ಭಾರತೀಯ ನೃತ್ಯ ಬಲ್ಲವರ ಬಳಿ ಕುಳಿತು ಕಲಿತಿದ್ದರು. ಆ ಕಲಿಕೆ ಬೆರಳ ಮುದ್ರೆಗಳಿಗೆ ನಿಲ್ಲದೆ ಕಾಲಿಗೂ ಇಳಿದಿತ್ತು. ತಾಳದ ಪೆಟ್ಟು ಬೀಳುವ ಕಡೆಯಲ್ಲೇ ಬ್ಲೇಡು ಅಂಚು ಬದಲಿಸುತ್ತಿತ್ತು. ಇನ್ನೊಬ್ಬರ ಕುಣಿತವನ್ನು ಎರವಲು ತರುವುದು ತಪ್ಪಲ್ಲ, ವೇಷವನ್ನಷ್ಟೇ ತಂದರೆ ತಪ್ಪು. ಈ ಎರಡು ನೃತ್ಯಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಸಾಕು.

ಇಷ್ಟಾದರೂ, ನಮ್ಮ ಹಾಡೆಂಬ ಅಭಿಮಾನ ಬದಿಗಿಟ್ಟು ಹೇಳುವುದಾದರೆ, ಆ ಸುತ್ತಿನ ಶ್ರೇಷ್ಠ ನೃತ್ಯ ಕೆನಡಾದ ಟೆಸ್ಸಾ ವರ್ಚ್ಯೂ–ಸ್ಕಾಟ್ ಮೋಯರ್ ಮಾಡಿದ ಫ್ಲಮೆಂಕೊ. ಇಲ್ಲೊಂದು ಸೊಗಸಾದ ಸಂಗತಿಯಿದೆ: ಕೆನಡಾ, ಅಮೆರಿಕದ ಈ ಎರಡು ಜೋಡಿಗಳೂ ಅಭ್ಯಾಸ ಮಾಡುತ್ತಿದ್ದುದು ಮಿಷಿಗನ್ ರಾಜ್ಯದ ಕ್ಯಾಂಟನ್ ಊರಿನ ಒಂದೇ ರಿಂಕ್‌ನಲ್ಲಿ, ಮರೀನಾ ಜುಯೆವಾ ಮತ್ತು ಇಗೊರ್ ಷ್ಪಿಲ್‌ಬಂಡ್ ಎಂಬ ಒಂದೇ ಗುರುಗಳ ಜೋಡಿಯ ಬಳಿ. ಎದುರಾಳಿಯ ಹೆಜ್ಜೆ ದಿನವೂ ಕಣ್ಣೆದುರೇ. ಇಬ್ಬರ ಮಟ್ಟವೂ ಏರಿದ್ದು ಅದರಿಂದಲೇ ಎಂದು ನನ್ನ ನಂಬಿಕೆ.

ಫೆಬ್ರವರಿ 22ರಂದು ಮೂರನೆಯ ಸುತ್ತು, ಫ್ರೀ ಡ್ಯಾನ್ಸ್. ಡೇವಿಸ್–ವೈಟ್ 'ಫ್ಯಾಂಟಮ್ ಆಫ್ ದಿ ಆಪೆರಾ' ಸಂಗೀತಕ್ಕೆ ಬಿರುಗಾಳಿಯಂತೆ ಬೀಸಿದರು. ವರ್ಚ್ಯೂ–ಮೋಯರ್ ಆರಿಸಿದ್ದು ಮಾಹ್ಲರ್‌ನ ಐದನೇ ಸಿಂಫನಿಯ ನಿಧಾನದ ಭಾಗ. ವಿಳಂಬದಲ್ಲಿ ಕುಣಿಯುವುದು ಹೆಚ್ಚು ಕಷ್ಟ. ವೇಗದ ಸಂಗೀತದಲ್ಲಿ ಸಣ್ಣ ತಳ್ಳುಹೆಜ್ಜೆ ಮರೆಯಾಗಿ ಹೋಗುತ್ತದೆ. ಇಲ್ಲಿ ಒಂದೊಂದು ಅಂಚನ್ನೂ ಕೊನೆಯವರೆಗೆ ಹಿಡಿದಿರಬೇಕು, ತೊಡರಿದರೆ ಇಡೀ ಸಭಾಂಗಣಕ್ಕೆ ಕಾಣುತ್ತದೆ. ಅವರ ಪ್ರಸಿದ್ಧ ಲಿಫ್ಟ್ ಒಂದಿದೆ: ಮೋಯರ್ ಬಗ್ಗಿ ಜಾರುತ್ತಿರುತ್ತಾನೆ, ವರ್ಚ್ಯೂ ಅವನ ಬೆನ್ನೇರಿ ನಿಲ್ಲುತ್ತಾಳೆ, ಅವಳನ್ನು ಹಿಡಿದ ಕೈ ಯಾವುದೂ ಇಲ್ಲ. 2008ರಲ್ಲಿ ಕಾಲಿನ ಸ್ನಾಯುಗಳ ನೋವಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದವಳು ಅವಳು.

ಚಿನ್ನ ವರ್ಚ್ಯೂ–ಮೋಯರ್‌ಗೆ, ಅಂತಿಮ ಅಂಕ 221.57. ಡೇವಿಸ್–ವೈಟ್‌ಗೆ 215.74, ರಷ್ಯದ ಜೋಡಿಗೆ 207.64. ಅಲ್ಲಿಯವರೆಗೆ ಈ ಚಿನ್ನ ಯುರೋಪಿನಾಚೆ ಹೋದದ್ದೇ ಇರಲಿಲ್ಲ. ಗೆದ್ದಾಗ ಅವಳಿಗೆ 20, ಅವನಿಗೆ 22. ನಾಲ್ಕು ವರ್ಷದ ಬಳಿಕ ಸೋಚಿಯಲ್ಲಿ ಚಿನ್ನ ಡೇವಿಸ್–ವೈಟ್‌ಗೆ, ಬೆಳ್ಳಿ ಇವರಿಗೆ.

ವ್ಯಾಂಕೂವರ್‌ನ ಒರಿಜಿನಲ್ ಡ್ಯಾನ್ಸ್ ಸಿಕ್ಕರೆ ಎರಡು ಸಲ ನೋಡಿ. ಮೊದಲ ಸಲ ಸದ್ದು ನಿಲ್ಲಿಸಿ, ಮಂಡಿಯಿಂದ ಕೆಳಗಷ್ಟೇ ಕಣ್ಣಿಡಿ. ಹಾಡು ಯಾವ ಜೋಡಿಯ ಕಾಲಲ್ಲಿ ಕೇಳಿಸುತ್ತದೆಂದು ನೀವೇ ತೀರ್ಮಾನಿಸಿ.