ಮೆಟ್ಟಿಲ ಹಜಾರದಲ್ಲಿ ಸಿಕ್ಕಿದ ನಾದ

ಲೆಡ್ ಜೆಪ್ಲಿನ್ ತಂಡದ ‘ವೆನ್ ದ ಲೆವಿ ಬ್ರೇಕ್ಸ್’ ಬರೀ ಡ್ರಮ್‌ನಿಂದ ಶುರುವಾಗುತ್ತದೆ. ಗಿಟಾರ್ ಬಂದಿಲ್ಲ, ಹಾರ್ಮೋನಿಕಾ ಬಂದಿಲ್ಲ, ಗಾಯಕ ಬಾಯಿ ತೆರೆಯಲು ಇನ್ನೂ ಬಹಳ ಹೊತ್ತಿದೆ. ಆದರೂ ರಾಕ್ ಸಂಗೀತದ ಪರಿಚಯವಿರುವವರಿಗೆ ಮೊದಲ ನಾಲ್ಕಾರು ಪೆಟ್ಟುಗಳಲ್ಲೇ ಹಾಡು ಯಾವುದೆಂದು ಗೊತ್ತಾಗಿಬಿಡುತ್ತದೆ. ಸ್ವರವಿಲ್ಲದೆ, ಮಾತಿಲ್ಲದೆ, ಪೆಟ್ಟಿನ ಬಣ್ಣದಿಂದಲೇ ಗುರುತು ಸಿಗುವ ಧ್ವನಿಮುದ್ರಣಗಳು ಹೆಚ್ಚಿಲ್ಲ. 1927ರ ಮಿಸಿಸಿಪಿ ಪ್ರವಾಹವನ್ನು ಕುರಿತು ಕಾನ್ಸಾಸ್ ಜೋ ಮೆಕಾಯ್ ಮತ್ತು ಮೆಂಫಿಸ್ ಮಿನಿ 1929ರಲ್ಲಿ ಹಾಡಿದ್ದ ಬ್ಲೂಸ್ ಗೀತೆಯೇ ಇದರ ಮೂಲ. ಜೆಪ್ಲಿನ್ ರೂಪ 1971ರ ನವೆಂಬರ್‌ನಲ್ಲಿ, ತಂಡದ ನಾಲ್ಕನೆಯ ಆಲ್ಬಮ್‌ನ ಕೊನೆಯ ಹಾಡಾಗಿ ಹೊರಬಂತು. ಡ್ರಮ್ ನುಡಿಸಿದ ಜಾನ್ ಬಾನಮ್‌ಗೆ ಮುದ್ರಣದ ವೇಳೆಗೆ ವಯಸ್ಸು 22.

ಮುದ್ರಣ ನಡೆದದ್ದು ಸ್ಟುಡಿಯೋದಲ್ಲಲ್ಲ. ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನ ಹೆಡ್ಲಿ ಗ್ರೇಂಜ್, 18ನೆಯ ಶತಮಾನದ ಕೊನೆಯಲ್ಲಿ ನಿರ್ಗತಿಕರನ್ನು ಇರಿಸಿ ದುಡಿಸಿಕೊಳ್ಳಲು ಕಟ್ಟಿದ ದೊಡ್ಡ ಮನೆ. ತಂಡ ಅಲ್ಲೇ ಬಿಡಾರ ಹೂಡಿತ್ತು. ಮುದ್ರಣಯಂತ್ರಗಳು ಹೊರಗೆ ನಿಂತ ರೋಲಿಂಗ್ ಸ್ಟೋನ್ಸ್ ತಂಡದ ಲಾರಿಯಲ್ಲಿದ್ದವು. ಡ್ರಮ್‌ಗಳನ್ನು ಮನೆಯ ಮುಂಭಾಗದ ಹಜಾರದಲ್ಲಿ, ಮೇಲಿನ ಮಹಡಿಗಳವರೆಗೆ ತೆರೆದುಕೊಂಡ ಮೆಟ್ಟಿಲುಗಳ ಬುಡದಲ್ಲಿ ಜೋಡಿಸಲಾಯಿತು. ಎಂಜಿನಿಯರ್ ಆಂಡಿ ಜಾನ್ಸ್ ಡ್ರಮ್‌ಗಳ ಹತ್ತಿರ ಒಂದು ಮೈಕನ್ನೂ ಇಡಲಿಲ್ಲ. ಬೇಯರ್ ಕಂಪನಿಯ ಎಂ160 ಮಾದರಿಯ ಎರಡು ರಿಬ್ಬನ್ ಮೈಕುಗಳು ಮೇಲಿನಿಂದ ಕೆಳಮುಖವಾಗಿ ತೂಗುತ್ತಿದ್ದವು, ಅಷ್ಟೇ. ಹೀಗೆ ಬಂದ ಧ್ವನಿಯನ್ನು ಕಂಪ್ರೆಸರ್‌ನಲ್ಲಿ ಬಲವಾಗಿ ಅದುಮಿ, ಬಿನ್ಸನ್ ಎಕೋರೆಕ್ ಎಂಬ ಇಟಲಿಯ ಪ್ರತಿಧ್ವನಿ ಯಂತ್ರದ ಮೂಲಕ ಹಾಯಿಸಲಾಯಿತು.

ಆ ಕಾಲದ ವಾಡಿಕೆ ಇದಕ್ಕೆ ತೀರಾ ವಿರುದ್ಧವಾಗಿತ್ತು. ಒಂದೊಂದು ಡ್ರಮ್ಮಿನ ಮೂತಿಗೂ ಒಂದೊಂದು ಮೈಕ್ ತರುವುದು, ಚರ್ಮದ ಮೇಲೆ ಬಟ್ಟೆ ಹೊದಿಸಿ ಗುಂಯ್‌ಗುಡುವುದನ್ನು ಅಡಗಿಸುವುದು ಹೆಚ್ಚುತ್ತಿತ್ತು. ಹಾಗೆ ಹಿಡಿದ ಶಬ್ದ ಸ್ಪಷ್ಟವಾಗಿರುತ್ತದೆ, ಆದರೆ ಪೆಟ್ಟು ಎಲ್ಲಿ ಬಿತ್ತು ಎಂಬ ಜಾಗದ ಸುಳಿವು ಅಳಿಸಿಹೋಗುತ್ತದೆ. ದೂರದ ಮೈಕಿಗೆ ನೇರ ಪೆಟ್ಟಿನ ಜೊತೆಗೆ ಗೋಡೆ, ಚಾವಣಿ, ಮೆಟ್ಟಿಲುಗಳಿಗೆ ಬಡಿದು ಮರಳಿದ ಅಲೆಗಳೂ ತಲುಪುತ್ತವೆ. ಕಂಪ್ರೆಸರ್ ಜೋರಿನದನ್ನು ತಗ್ಗಿಸಿದಾಗ ಮೆಲುವಾದ ಆ ಮರಳಲೆಗಳು ಮೇಲೆದ್ದು ಕೇಳುತ್ತವೆ. ಹಾಡಿನ ಡ್ರಮ್ ಉಸಿರಾಡುವಂತೆ ಅನ್ನಿಸುವುದು ಇದರಿಂದ.

ಈ ಕಥೆಯನ್ನು ಹೇಳುವವರು ಹೆಚ್ಚಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಮೆಟ್ಟಿಲಿಗೆ ಸಿಗುವ ಹೊಗಳಿಕೆ ನುಡಿಸಿದ ಕೈಗೆ ಸಿಗುವುದಿಲ್ಲ. ಎರಡೇ ಮೈಕ್ ಇದ್ದಾಗ ಒಂದು ಡ್ರಮ್ಮನ್ನು ಏರಿಸಿ ಇನ್ನೊಂದನ್ನು ಇಳಿಸಲು ಎಂಜಿನಿಯರ್‌ಗೆ ಅವಕಾಶವೇ ಇರುವುದಿಲ್ಲ. ಬೇಸ್ ಡ್ರಮ್, ಸ್ನೇರ್, ಹೈಹ್ಯಾಟ್‌ಗಳ ನಡುವಿನ ಹದ ನುಡಿಸುವಾಗಲೇ ಕೂಡಿಬರಬೇಕು. ದೊಡ್ಡ ಕೋಣೆಯಲ್ಲಿ ಮೊದಲು ಕೆಡಿಸುವುದು ಹೈಹ್ಯಾಟ್‌ನಂಥ ಕಂಚಿನ ತಟ್ಟೆಗಳು, ಅಂದರೆ ಸಿಂಬಲ್‌ಗಳು: ಅವುಗಳ ಝೇಂಕಾರ ಗೋಡೆಗಳಿಂದ ಮರಳಿ ಮಿಕ್ಕೆಲ್ಲವನ್ನೂ ಮುಸುಕಿಬಿಡುತ್ತದೆ. ಬಾನಮ್‌ನ ಹೈಹ್ಯಾಟ್ ಇಲ್ಲಿ ಕೇಳಿಸುತ್ತದೆ, ಮೆರೆಯುವುದಿಲ್ಲ. ಸ್ನೇರ್ ಒಡೆದು ಬರುತ್ತದೆ. 26 ಅಂಗುಲದ ಬೇಸ್ ಡ್ರಮ್ ಒಂದೇ ಪೆಡಲಿನಲ್ಲಿ, ಮೈಕಿನಿಂದ ಅಷ್ಟು ದೂರದಲ್ಲಿದ್ದೂ, ಪೆಟ್ಟು ಪೆಟ್ಟಾಗಿ ಬಿಡಿಸಿಕೊಳ್ಳುತ್ತದೆ. ಬಾನಮ್ ಜೋರಾಗಿ ಬಾರಿಸುತ್ತಿದ್ದ ಎನ್ನುವುದು ನಿಜ, ಆದರೆ ಅದು ಅರ್ಧ ಮಾತು. ಜೋರಾಗಿ ಬಾರಿಸುವವರು ಊರೂರಿಗೂ ಇದ್ದಾರೆ. ಕೈಕಾಲು ನಾಲ್ಕಕ್ಕೂ ಬೇರೆ ಬೇರೆ ತೂಕ ಹಂಚಿ, ಆ ಹಂಚಿಕೆಯನ್ನು ಏಳು ನಿಮಿಷ ಕೆಡದಂತೆ ಕಾಯುವವರು ಕಡಿಮೆ.

ಏಳು ನಿಮಿಷವೂ ಹೆಚ್ಚುಕಡಿಮೆ ಅದೇ ನಡೆ. ‘ಗುಡ್ ಟೈಮ್ಸ್ ಬ್ಯಾಡ್ ಟೈಮ್ಸ್’ನಲ್ಲಿ ಬಲಗಾಲಿನ ಚುರುಕಿನಿಂದ, ‘ಮೋಬಿ ಡಿಕ್’ನಲ್ಲಿ ಬರಿಗೈಯಿಂದ ಡ್ರಮ್ ನುಡಿಸಿ ಬೆರಗುಗೊಳಿಸಿದ ವಾದಕ ಇಲ್ಲಿ ಪ್ರದರ್ಶನವನ್ನೇ ಬಿಟ್ಟುಕೊಟ್ಟಿದ್ದಾನೆ. ಸ್ನೇರ್ ಪೆಟ್ಟು ಕೂದಲೆಳೆಯಷ್ಟು ತಡೆದು ಬಿದ್ದಂತಿದೆ. ಹಾಡಿನ ಭಾರ ಆ ತಡೆಯಲ್ಲಿದೆ. ಒಂದು ಮಾತನ್ನು ಮುಚ್ಚಿಡಬಾರದು: ಮುದ್ರಿಸಿದ ಟೇಪಿನ ವೇಗವನ್ನು ಆಮೇಲೆ ತಗ್ಗಿಸಲಾಯಿತು. ಲಯದ ಜೊತೆಗೆ ಡ್ರಮ್‌ಗಳ ಶ್ರುತಿಯೂ ಇಳಿಯಿತು, ನಾದ ಕೆಸರಿನಂತೆ ದಪ್ಪವಾಯಿತು. ವೇದಿಕೆಯ ಮೇಲೆ ಇದನ್ನು ಕಟ್ಟುವುದು ಸುಲಭವಿರಲಿಲ್ಲ. 1975ರ ಆರಂಭದ ಅಮೆರಿಕ ಪ್ರವಾಸದಲ್ಲಿ ತಂಡ ಕೆಲವೇ ಸಲ ನುಡಿಸಿ ಕೈಬಿಟ್ಟಿತು.

ಬಾನಮ್ ತೀರಿಕೊಂಡ 1980ರಲ್ಲೇ ಇನ್ನೊಂದು ಹೆಸರಾಂತ ಡ್ರಮ್ ನಾದ ಹೊರಬಂತು. ಲಂಡನ್ನಿನ ಟೌನ್‌ಹೌಸ್ ಸ್ಟುಡಿಯೋದಲ್ಲಿ ಎಂಜಿನಿಯರ್ ಹ್ಯೂ ಪ್ಯಾಜಮ್, ಪೀಟರ್ ಗೇಬ್ರಿಯಲ್‌ನ ‘ಇಂಟ್ರೂಡರ್’ ಹಾಡಿಗೆ ಫಿಲ್ ಕಾಲಿನ್ಸ್‌ನ ಡ್ರಮ್ ಮುದ್ರಿಸುತ್ತಿದ್ದ. ವಾದಕರ ಮಾತು ಕೇಳಿಸಿಕೊಳ್ಳಲೆಂದಷ್ಟೇ ಇದ್ದ ಮೈಕಿನ ಕಂಪ್ರೆಸರ್ ಕೋಣೆಯ ಗದ್ದಲವನ್ನು ವಿಪರೀತ ಹಿಗ್ಗಿಸುತ್ತಿತ್ತು. ಅದನ್ನೇ ಬಳಸಿ, ನಾಯ್ಸ್ ಗೇಟ್‌ನಿಂದ ಪ್ರತಿಧ್ವನಿಯ ಬಾಲವನ್ನು ಕತ್ತರಿಸಿದಾಗ ದಿಢೀರನೆ ಹಬ್ಬಿ ದಿಢೀರನೆ ಸಾಯುವ ಶಬ್ದ ಸಿಕ್ಕಿತು. ಸಿಂಬಲ್ ಮುಟ್ಟಲೇಬಾರದೆಂದು ಗೇಬ್ರಿಯಲ್ ಕಟ್ಟುಪಾಡು ಹಾಕಿದ್ದ. ಬಾನಮ್ ಕೈಯಿಂದ ತೂಗಿಸಿದ್ದನ್ನು ಇಲ್ಲಿ ನಿಷೇಧದಿಂದ ಸಾಧಿಸಿದಂತಾಯಿತು. ಕಾಲಿನ್ಸ್‌ನ 1981ರ ‘ಇನ್ ದ ಏರ್ ಟುನೈಟ್’ ಈ ನಾದವನ್ನು ಮನೆಮನೆಗೆ ಮುಟ್ಟಿಸಿತು. ಅಲ್ಲಿ ಡ್ರಮ್ ಸೆಟ್ ಬರುವುದು ಮೂರೂವರೆ ನಿಮಿಷ ದಾಟಿದ ಮೇಲೆ, ಅಲ್ಲಿಯವರೆಗೆ ತಾಳ ಹಾಕುವುದು ಸಣ್ಣ ಡ್ರಮ್ ಯಂತ್ರ. ನೆನಪಿನಲ್ಲಿ ಉಳಿಯುವುದರಲ್ಲಿ ಅರ್ಧ ಪಾಲು ಆ ಕಾಯುವಿಕೆಯದು. ಬಳಿಕ ಈ ಗೇಟು ಹಾಕಿದ ಶಬ್ದವನ್ನು ಯಂತ್ರದ ಗುಂಡಿಯೊತ್ತಿ ಯಾರು ಬೇಕಾದರೂ ಪಡೆಯುವಂತಾಯಿತು. ಆ ದಶಕದ ಎಷ್ಟೋ ಹಾಡುಗಳ ಡ್ರಮ್ ಯಾರದೆಂದು ಗುರುತಿಸಲಾಗದೆ ಹೋಯಿತು.

ಹೆಡ್ಲಿ ಗ್ರೇಂಜ್‌ನ ನಾದಕ್ಕೆ ಅಂಥ ಗುಂಡಿ ಇರಲಿಲ್ಲ. ಬೇಕೆನಿಸಿದವರು ಮೂಲ ಮುದ್ರಣವನ್ನೇ ಕತ್ತರಿಸಿಕೊಂಡರು: 1986ರಲ್ಲಿ ಬೀಸ್ಟಿ ಬಾಯ್ಸ್ ತಮ್ಮ ‘ಲೈಸೆನ್ಸ್‌ಡ್ ಟು ಇಲ್’ ಆಲ್ಬಮ್‌ನ ಮೊದಲ ಹಾಡನ್ನು ಬಾನಮ್‌ನ ಆ ಆರಂಭದ ಪೆಟ್ಟುಗಳ ಮೇಲೆಯೇ, ಮೆಟ್ಟಿಲ ಗಾಳಿಯ ಸಮೇತ, ಕಟ್ಟಿದರು.